ಪಾಠ ಹೇಳಿದವರ ಪರೀಕ್ಷೆ: ಕೊಳ್ಳೇಗಾಲದ ಎನ್. ಮಹೇಶ್

ಚುನಾವಣೆಯಲ್ಲಿ ಗೆದ್ದವರ ಬಗ್ಗೆ ಬರೆಯಲು ನಮ್ಮಲ್ಲಿ ಜನರಿಗೆ ಕೊರತೆಯಿಲ್ಲ. ಸೋತವರನ್ನು ಮಾತ್ರ ಹಾರ ಬಾಡುವುದಕ್ಕೆ ಮುಂಚೆಯೇ ಮರೆತುಬಿಡುತ್ತೇವೆ. 2023ರ ಮೇ 13ರಂದು ಕೊಳ್ಳೇಗಾಲದಲ್ಲಿ ಬಿಜೆಪಿಯ ಎನ್. ಮಹೇಶ್ ಅವರು ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿ ಅವರೆದುರು 59,519 ಮತಗಳ ಅಂತರದಲ್ಲಿ ಸೋತರು. ಐದು ವರ್ಷಗಳ ಹಿಂದೆ, 2018ರಲ್ಲಿ, ಇದೇ ಕ್ಷೇತ್ರದಲ್ಲಿ ಇದೇ ಕೃಷ್ಣಮೂರ್ತಿಯವರ ವಿರುದ್ಧ ಮಹೇಶ್ 19,454 ಮತಗಳಿಂದ ಗೆದ್ದಿದ್ದರು. ಅಭ್ಯರ್ಥಿಗಳಿಬ್ಬರೂ ಅವರೇ, ಊರುಗಳೂ ಅವೇ. ಮಹೇಶರ ಗುರುತು ಮಾತ್ರ ಆನೆಯಿಂದ ಕಮಲಕ್ಕೆ ಬದಲಾಗಿತ್ತು. ಇಷ್ಟನ್ನು ನೋಡಿ 'ಪಕ್ಷಾಂತರಿಗೆ ಜನ ಪಾಠ ಕಲಿಸಿದರು' ಎಂದು ಒಂದು ಸಾಲಿನಲ್ಲಿ ತೀರ್ಪು ಕೊಟ್ಟು ಕೈತೊಳೆದುಕೊಂಡವರು ಬಹಳ. ಆ ಸೋಲಿನೊಳಗೆ ಅದಕ್ಕಿಂತ ಹೆಚ್ಚಿನದೇನೋ ಇದೆಯೆಂದು ನಮಗೆ ಅನ್ನಿಸುತ್ತದೆ. ಅದರಲ್ಲಿ ಮುಸ್ಲಿಮರಾದ ನಮಗೆ ಸಂಬಂಧಿಸಿದ್ದೂ ಇದೆ.

ಮೊದಲು ಈ ಸೀಮೆಯನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು. ಒಂದು ತಾಲ್ಲೂಕು ಬ್ರಿಟಿಷರ ಕಂದಾಯ ಕಟ್ಟುತ್ತಿದ್ದಾಗ ಇನ್ನೊಂದು ಜಹಗೀರುದಾರರ ಕಂದಾಯ ಕಟ್ಟುತ್ತಿತ್ತು. ಇವೆರಡೂ ವಿಧಾನಸಭೆಗೆ ಒಟ್ಟಾಗಿ ಮತ ಹಾಕತೊಡಗಿದ್ದು ಕೂಡ 2008ರಲ್ಲಿ ಕ್ಷೇತ್ರಗಳನ್ನು ಮರುವಿಂಗಡಣೆ ಮಾಡಿದ ಮೇಲೆ. ಅದಕ್ಕೆ ಮೊದಲು ಯಳಂದೂರು ಸಂತೇಮರಹಳ್ಳಿ ಕ್ಷೇತ್ರದಲ್ಲಿತ್ತು. ಆ ಹೆಸರಿನ ಕ್ಷೇತ್ರ ಈಗ ಇಲ್ಲ. ಆದರೆ ದೇಶದ ಚುನಾವಣಾ ಚರಿತ್ರೆಯಲ್ಲಿ ಅದಕ್ಕೊಂದು ಜಾಗವಿದೆ: 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂದವು, ಜನತಾದಳದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಮತ! ಅಭ್ಯರ್ಥಿಯ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಬಿಡುವೇ ಸಿಗಲಿಲ್ಲವಂತೆ ಎಂಬ ಕಥೆಯನ್ನು ಈ ಭಾಗದಲ್ಲಿ ಇವತ್ತಿಗೂ ಹೇಳುತ್ತಾರೆ. ಮಾಜಿ ರಾಜ್ಯಪಾಲ ಬಿ. ರಾಚಯ್ಯನವರ ಮಗ, ಹಾಗೆ ಒಂದು ಮತದಿಂದ ಸೋತವರು, ಹತ್ತೊಂಬತ್ತು ವರ್ಷಗಳ ನಂತರ ಸುಮಾರು ಅರವತ್ತು ಸಾವಿರದ ಅಂತರದಲ್ಲಿ ಗೆದ್ದರು.

ಕೊಳ್ಳೇಗಾಲದ ಇನ್ನೊಂದು ಮಗ್ಗುಲಲ್ಲಿ ಹನೂರು. ಮಲೆ ಮಹದೇಶ್ವರ ಬೆಟ್ಟ, ಕಾಡು, ಕಾಡಂಚಿನ ಹಾಡಿಗಳು, ಮಳೆ ನಂಬಿದ ಹೊಲಗಳು. ಅದು ಸಾಮಾನ್ಯ ಕ್ಷೇತ್ರ. ಅಲ್ಲಿ ದಶಕಗಳ ಕಾಲ ರಾಜಕೀಯವೆಂದರೆ ಎರಡು ಮನೆಗಳ ನಡುವಿನ ವ್ಯವಹಾರವಾಗಿತ್ತು. ಒಂದು ಜಿ. ರಾಜೂಗೌಡರ ಮನೆ, ಇನ್ನೊಂದು ಎಚ್. ನಾಗಪ್ಪನವರ ಮನೆ. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ನಾಗಪ್ಪನವರನ್ನು ವೀರಪ್ಪನ್ ಎತ್ತಿಕೊಂಡು ಹೋದ. ಡಿಸೆಂಬರಿನಲ್ಲಿ ಚಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಗೆದ್ದರು. ನಂತರ ರಾಜೂಗೌಡರ ಮಗ ಆರ್. ನರೇಂದ್ರ 2008, 2013, 2018ರಲ್ಲಿ ಸಾಲಾಗಿ ಗೆದ್ದರು. 2018ರಲ್ಲಿ ಅವರ ಎದುರು ಸೋತವರು ನಾಗಪ್ಪನವರ ಮಗ. ಜೆಡಿಎಸ್‌ನ ಎಂ.ಆರ್. ಮಂಜುನಾಥ್ ಈ ಸರಪಳಿಯನ್ನು ಕಡಿಯಲು 2023 ಬರಬೇಕಾಯಿತು. ಹನೂರಿನ ಮತದಾರರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಪಕ್ಕದಲ್ಲೇ ಇಂಥ ಮನೆತನದ ರಾಜಕಾರಣ ನಡೆಯುತ್ತಿದ್ದಾಗ, ಯಾವ ರಾಜಕೀಯ ಮನೆತನಕ್ಕೂ ಸೇರದ ಮಹೇಶ್ ಕೊಳ್ಳೇಗಾಲದಲ್ಲಿ ಬರೀ ಮಾತಿನ ಬಲದಿಂದ ಏನನ್ನು ಕಟ್ಟಿದರು ಎಂಬುದು ಓದುಗರಿಗೆ ತಿಳಿಯಲಿ ಎಂದಷ್ಟೇ.

ಮಹೇಶ್ ಕೆಎಎಸ್ ಅಧಿಕಾರಿಯಾಗಿದ್ದವರು. ಆ ನೌಕರಿ ಬಿಟ್ಟು ಬಹುಜನ ಸಮಾಜ ಪಕ್ಷಕ್ಕೆ ಬಂದರು. ಕಾನ್ಶೀರಾಮ್ 1984ರ ಏಪ್ರಿಲ್ 14ರಂದು ಸ್ಥಾಪಿಸಿದ ಆ ಪಕ್ಷಕ್ಕೆ ಕರ್ನಾಟಕದಲ್ಲಿ ಹಣವೂ ಇರಲಿಲ್ಲ, ಗೆಲ್ಲುವ ನಂಬಿಕೆಯೂ ಇರಲಿಲ್ಲ. ಇಲ್ಲಿ ಅದಕ್ಕೆ ಮೊಟ್ಟಮೊದಲ ಶಾಸಕ ದೊರೆತದ್ದು 1994ರಲ್ಲಿ, ಬೀದರ್‌ನಲ್ಲಿ. ಗೆದ್ದವರು ಸೈಯದ್ ಜುಲ್ಫಿಕರ್ ಹಾಶ್ಮಿ ಎಂಬುದನ್ನು ನಮ್ಮ ಯುವಕರಲ್ಲಿ ಎಷ್ಟು ಮಂದಿ ಬಲ್ಲರೋ! ಅದಾದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಪಕ್ಷ ರಾಜ್ಯದ ಉದ್ದಗಲಕ್ಕೂ ಸೋಲುತ್ತಲೇ ಹೋಯಿತು. ಕೊಳ್ಳೇಗಾಲದಲ್ಲಿ ಮಹೇಶರೂ ಮತ್ತೆ ಮತ್ತೆ ಸೋತರು. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣನವರ ಎದುರು ಎರಡನೆಯ ಸ್ಥಾನಕ್ಕೆ ಬಂದು ನಿಂತರು. ಸೋತವರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಹಳ್ಳಿಯ ಅಂಬೇಡ್ಕರ್ ಭವನದಲ್ಲಿ, ಬೀದಿಯ ಜಗಲಿಯಲ್ಲಿ ಕೇಡರ್ ಕ್ಯಾಂಪ್ ಎನ್ನುವ ತರಗತಿಗಳು ನಡೆದವು. ಫುಲೆ ಯಾರು, ಶಾಹು ಮಹಾರಾಜರು ಏನು ಮಾಡಿದರು, ಪೆರಿಯಾರ್ ಏಕೆ ಸಿಟ್ಟಾದರು, ನಾರಾಯಣ ಗುರು ಏನನ್ನು ಪ್ರತಿಷ್ಠೆ ಮಾಡಿದರು, ಬಸವಣ್ಣನವರ ಕಲ್ಯಾಣದಲ್ಲಿ ಏನಾಯಿತು ಎಂಬ ಪಾಠ. ಮಹೇಶ್ ಒಳ್ಳೆಯ ಮಾತುಗಾರರು. ಪುಸ್ತಕದ ವಿಷಯವನ್ನು ಹೊಲದಿಂದ ಬಂದವನಿಗೆ ಮುಟ್ಟಿಸುವ ಕಲೆ ಅವರಿಗಿತ್ತು. ಕಾನ್ಶೀರಾಮ್ 1988ರ ಅಲಹಾಬಾದ್ ಉಪಚುನಾವಣೆಯಲ್ಲಿ ಬಳಸಿದ 'ಒಂದು ನೋಟು, ಒಂದು ವೋಟು' ಎಂಬ ಘೋಷಣೆ ಆ ಪಕ್ಷದ ಆಸ್ತಿ. ಮತದಾರನ ಕೈಗೆ ದುಡ್ಡು ಕೊಡುವ ಬದಲು ಅವನಿಂದಲೇ ದುಡ್ಡು ಪಡೆಯುವುದು. ತಾನು ದುಡ್ಡು ಹಾಕಿದ ಗಾಡಿ ಯಾವ ಕಡೆಗೆ ಹೋಗುತ್ತಿದೆ ಎಂದು ಮನುಷ್ಯ ಕಣ್ಣಿಟ್ಟು ನೋಡಿಯೇ ನೋಡುತ್ತಾನೆ. ಮುಂದೆ ಆದದ್ದಕ್ಕೆ ಇದೂ ಒಂದು ಕಾರಣ.

ಈ ತರಗತಿಗಳ ಕೇಂದ್ರದಲ್ಲಿದ್ದ ಪದ 'ಬಹುಜನ'. ಪರಿಶಿಷ್ಟರು, ಬುಡಕಟ್ಟಿನವರು, ಹಿಂದುಳಿದವರು, ಅವರ ಜೊತೆಗೆ ಧಾರ್ಮಿಕ ಅಲ್ಪಸಂಖ್ಯಾತರು. ಬಿಡಿಬಿಡಿಯಾಗಿ ನೋಡಿದರೆ ಎಲ್ಲರೂ ಅಲ್ಪರು, ಕೂಡಿಸಿದರೆ ನೂರಕ್ಕೆ ಎಂಬತ್ತೈದು ಎಂಬುದು ಅದರ ಗಣಿತ. ಮುಸ್ಲಿಮರನ್ನು 'ಪಾಪ, ಅಲ್ಪಸಂಖ್ಯಾತರು' ಎಂದು ಕನಿಕರದಿಂದ ನೋಡದೆ, ಬಹುಸಂಖ್ಯೆಯ ಒಂದು ಪಾಲು ಎಂದು ಲೆಕ್ಕ ಹಿಡಿದ ರಾಜಕೀಯ ಭಾಷೆ ಈ ದೇಶದಲ್ಲಿ ಹೆಚ್ಚಿಲ್ಲ. ಆ ಕಾರಣಕ್ಕೇ ಈ ಪದದ ಮೇಲೆ ನಮಗೆ ಗೌರವ.

ಆದರೆ ಮೀಸಲು ಕ್ಷೇತ್ರದಲ್ಲಿ ಪದದ ಗಣಿತ ಬೇರೆ, ಪೆಟ್ಟಿಗೆಯ ಗಣಿತ ಬೇರೆ. ಕೊಳ್ಳೇಗಾಲ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಕಣದಲ್ಲಿರುವ ಅಭ್ಯರ್ಥಿಗಳೆಲ್ಲ ದಲಿತರೇ. ಹಾಗಾಗಿ ದಲಿತ ಮತ ಹಂಚಿಹೋಗುತ್ತದೆ. ಗೆಲ್ಲುವುದು ಯಾರೆಂದು ಎಷ್ಟೋ ಸಲ ಲಿಂಗಾಯತರು, ನಾಯಕರು, ಉಪ್ಪಾರರು, ಮುಸ್ಲಿಮರು ನಿರ್ಧರಿಸುತ್ತಾರೆ. 1932ರ ಸೆಪ್ಟೆಂಬರಿನಲ್ಲಿ ಪುಣೆಯ ಯರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸ ಕೂತಾಗ ಅಂಬೇಡ್ಕರರು ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಬಿಟ್ಟು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಅದರ ಫಲ ಇದು. ಅಭ್ಯರ್ಥಿ ದಲಿತನೇ ಆಗಿರುತ್ತಾನೆ, ಆದರೆ ದಲಿತರ ಪರ ಗಟ್ಟಿಯಾಗಿ ಮಾತಾಡುವವನಿಗೆ ಗೆಲ್ಲುವುದು ಕಷ್ಟ. ಎಲ್ಲರಿಗೂ ಒಗ್ಗುವವನಿಗೆ ಸುಲಭ. ಮಹೇಶ್ ಅಷ್ಟು ವರ್ಷ ಸೋತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಈ ವ್ಯವಸ್ಥೆಯಲ್ಲಿ ಮುಸ್ಲಿಮರ ಸ್ಥಿತಿಯೂ ವಿಚಿತ್ರವೇ. ನಮ್ಮವನೊಬ್ಬ ಅಲ್ಲಿ ಸ್ಪರ್ಧಿಸುವಂತಿಲ್ಲ. ಮತ ಮಾತ್ರ ಎಲ್ಲರಿಗೂ ಬೇಕು. ರೇಷ್ಮೆಗೆ ಹೆಸರಾದ ಕೊಳ್ಳೇಗಾಲ ಪಟ್ಟಣದ ಮೊಹಲ್ಲಾಗಳಿಗೆ ಪ್ರತಿ ಅಭ್ಯರ್ಥಿಯೂ ಬಂದು ಸಲಾಮ್ ಹೇಳಿ ಹೋಗುತ್ತಾನೆ. ನಮ್ಮ ಮುಖಂಡರ ಲೆಕ್ಕವೂ ಸರಳ: ಬಿಜೆಪಿಯನ್ನು ಸೋಲಿಸಬಲ್ಲವನು ಯಾರೋ ಅವನಿಗೆ. ಆನೆಗೆ ಹಾಕಿದರೆ ಮತ ಪೋಲು ಎಂದು ಅವರು ಎಷ್ಟೋ ಚುನಾವಣೆಗಳಲ್ಲಿ ಹೇಳಿದ್ದುಂಟು.

2018 ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಫೆಬ್ರವರಿಯಲ್ಲಿ ಜೆಡಿಎಸ್ ಮತ್ತು ಬಿಎಸ್‌ಪಿ ಮೈತ್ರಿ ಮಾಡಿಕೊಂಡವು. ಬಿಎಸ್‌ಪಿಗೆ ಇಪ್ಪತ್ತು ಸ್ಥಾನ ಸಿಕ್ಕಿತು. ಹತ್ತೊಂಬತ್ತರಲ್ಲಿ ಸೋತು ಕೊಳ್ಳೇಗಾಲ ಒಂದರಲ್ಲೇ ಗೆದ್ದಿತು. ಮಹೇಶರಿಗೆ ಬಂದದ್ದು 71,792 ಮತ. ಒಂದೇ ಜಾತಿಯ ಮತದಿಂದ ಇಷ್ಟು ಆಗುವುದಿಲ್ಲ; ಕೊಳ್ಳೇಗಾಲ ಅವರ ಪದವನ್ನು ಆ ಒಂದು ಸಲ ನಿಜ ಮಾಡಿತ್ತು. ಕುಮಾರಸ್ವಾಮಿ ಸರ್ಕಾರದಲ್ಲಿ ಅವರು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾದರು. ಉತ್ತರ ಪ್ರದೇಶದ ಹೊರಗೆ ಬಿಎಸ್‌ಪಿಗೆ ದೊರೆತ ಮೊದಲ ಸಚಿವ ಸ್ಥಾನ ಅದು.

ಶಿಕ್ಷಣ ಖಾತೆ! ಜೀವನವಿಡೀ ತರಗತಿ ನಡೆಸಿದವರಿಗೆ ಇದಕ್ಕಿಂತ ಒಪ್ಪುವ ಖಾತೆ ಬೇರೆ ಯಾವುದಿತ್ತು? ಆ ಜುಲೈನ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು 28,847 ಸರ್ಕಾರಿ ಶಾಲೆಗಳನ್ನು ಹತ್ತಿರದ 8,530 ಶಾಲೆಗಳೊಂದಿಗೆ ವಿಲೀನ ಮಾಡುವ ಮಾತಾಡಿದರು. ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ಮಾತೂ ಬಂತು. ಸಾಹಿತಿಗಳು ಕನ್ನಡ ಮುಳುಗಿತೆಂದರು. ದಲಿತ ಚಿಂತಕರಲ್ಲಿ ಹಲವರು, ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ತಿರುಗಿ ಕೇಳಿದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಉರ್ದು ಶಾಲೆಯ ಹಲಗೆಯ ಮೇಲೆ ಅಲಿಫ್ ಬೇ ಬರೆದು, ಆಮೇಲೆ ಕನ್ನಡ ಶಾಲೆಗೆ ಸೇರಿದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಚಿಂತೆಯಿತ್ತು. ವಿಲೀನವೆಂದರೆ ಮೊದಲು ಬಾಗಿಲು ಹಾಕುವುದು ಹತ್ತು ಹನ್ನೆರಡು ಮಕ್ಕಳಿರುವ ಶಾಲೆ. ಹಳ್ಳಿಗಾಡಿನ ಉರ್ದು ಶಾಲೆಗಳು ಇರುವುದೇ ಹಾಗೆ. ಹನೂರಿನ ಕಾಡಂಚಿನ ಸೋಲಿಗರ ಹಾಡಿಯ ಶಾಲೆಯೂ ಹಾಗೆಯೇ. ಈ ವಿಷಯದಲ್ಲಿ ದಿಟ್ಟವಾದ ಒಂದು ದಾರಿ ತೋರಬಲ್ಲ ಸಚಿವರಿದ್ದರೆ ಅದು ಮಹೇಶರೇ ಎಂದು ನಂಬಲು ಕಾರಣಗಳಿದ್ದವು. ಆದರೆ ಅಕ್ಟೋಬರ್ 11ರಂದು ಅವರು ರಾಜೀನಾಮೆ ಕೊಟ್ಟರು. ನಾಲ್ಕು ತಿಂಗಳು, ಅಷ್ಟೆ. ಕ್ಷೇತ್ರಕ್ಕೆ ಸಮಯ ಕೊಡಬೇಕು, ಪಕ್ಷ ಕಟ್ಟಬೇಕು ಎಂದರು. ಸ್ಥಳೀಯ ಕಾಂಗ್ರೆಸ್ಸಿನವರ ಜೊತೆ ಜಗಳವೂ ಇತ್ತು. ಅವರ ಇಡೀ ರಾಜಕೀಯ ಬದುಕಿನಲ್ಲಿ ನಮಗೆ ಅತ್ಯಂತ ನಿರಾಸೆ ತಂದದ್ದು ಈ ರಾಜೀನಾಮೆಯೇ ಹೊರತು ಮುಂದಿನ ಪಕ್ಷಾಂತರವಲ್ಲ. ಪಕ್ಷಾಂತರಕ್ಕೆ ಈ ರಾಜ್ಯದಲ್ಲಿ ಅಭಾವವಿಲ್ಲ. ಪಾಠ ಹೇಳುವವರೊಬ್ಬರ ಕೈಗೆ ರಾಜ್ಯದ ಸರ್ಕಾರಿ ಶಾಲೆಗಳೆಲ್ಲ ಬಂದದ್ದು ಅಪರೂಪದ ಸಂಗತಿ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. 2019ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರದಲ್ಲಿ ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಅವರು ಧ್ರುವನಾರಾಯಣ ಅವರನ್ನು 1,817 ಮತಗಳಿಂದ ಸೋಲಿಸಿದರು. ಬಿಎಸ್‌ಪಿ ಅಭ್ಯರ್ಥಿಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು. ಮತ ಒಡೆದವರು ಎಂಬ ಬೈಗುಳ ಆನೆಯ ಪಕ್ಷಕ್ಕೆ ಬಂತು. ನಾವು ಈ ಬೈಗುಳವನ್ನು ಒಪ್ಪುವುದಿಲ್ಲ. ಸ್ವಂತ ಪಕ್ಷ ಕಟ್ಟುವ ದಲಿತರಿಗೂ ಮುಸ್ಲಿಮರಿಗೂ ಮಾತ್ರ ಮೀಸಲಾದ ಬೈಗುಳ ಅದು. ಬೇರೆಯವರು ಪಕ್ಷ ಕಟ್ಟಿದರೆ ಅದನ್ನು ಪ್ರಾದೇಶಿಕ ಅಸ್ಮಿತೆ ಎನ್ನುತ್ತಾರೆ.

ಜುಲೈ 23ರಂದು ವಿಧಾನಸಭೆಯಲ್ಲಿ ವಿಶ್ವಾಸಮತ. ಕುಮಾರಸ್ವಾಮಿಯವರ ಪರ ಮತ ಹಾಕುವಂತೆ ಮಾಯಾವತಿಯವರ ಸೂಚನೆ ಬಹಿರಂಗವಾಗಿಯೇ ಬಂದಿತ್ತು. ಮಹೇಶ್ ಸದನಕ್ಕೆ ಬರಲಿಲ್ಲ. ತಟಸ್ಥವಾಗಿರಲು ಮೊದಲು ಹೇಳಿದ್ದರು, ಹೊಸ ಸೂಚನೆ ತಮಗೆ ತಿಳಿದಿರಲಿಲ್ಲ ಎಂಬುದು ಅವರ ವಿವರಣೆ. ಅಂದೇ ಪಕ್ಷದಿಂದ ಉಚ್ಚಾಟನೆಯಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಸರ್ಕಾರ ಬಿದ್ದದ್ದು ಅವರಿಂದಲ್ಲ. 99ಕ್ಕೆ 105 ಎದುರಾಗಿತ್ತು. ಅವರು ಬಂದು ಕೂತಿದ್ದರೂ ನೂರಾಗುತ್ತಿತ್ತು, ಅಷ್ಟೆ. ಫಲಿತಾಂಶ ಬದಲಾಗದೆಂದು ಗೊತ್ತಿದ್ದೂ ಹೋಗಿ ಕೈಯೆತ್ತುವುದು ಸೋತು ಸೋತು ಪಕ್ಷ ಕಟ್ಟಿದವರಿಗೆ ಹೊಸದೇನೂ ಆಗಿರಲಿಲ್ಲ.

ಇಲ್ಲಿ ಒಂದು ಪದದ ವಿಷಯ ಹೇಳಬೇಕು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನೆರೆಮನೆಯವರು ಹಜ್‌ಗೆ ಹೋಗುವಾಗ ಒಡವೆ ಕೊಟ್ಟು ಹೋಗುತ್ತಾರಲ್ಲ, ಅದು. ಇಟ್ಟುಕೊಂಡವನು ಅದನ್ನು ಕಾಯಬೇಕು, ಬಳಸುವಂತಿಲ್ಲ, ಕೇಳಿದಾಗ ಇದ್ದ ಹಾಗೆಯೇ ಕೊಡಬೇಕು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು ನೌಕರನನ್ನು ಕೆಲಸದಿಂದ ತಡೆಹಿಡಿಯುವ 'ಅಮಾನತು' ಆಗಿದೆ. ಎರಡೂ ಭಾಷೆ ಓದಿದವರಿಗೆ ನಗು ಬರುವ ಸಂಗತಿ. 71,792 ಮತಗಳು ಮೊದಲನೆಯ ಅರ್ಥದ ಅಮಾನತ್ ಆಗಿದ್ದವು ಎಂಬುದು ನಮ್ಮ ವಾದ. ಮಹೇಶ್ ಅವನ್ನು ತಮ್ಮ ಸ್ವಂತ ಸಂಪಾದನೆ ಎಂದು ತಿಳಿದರು. ಇಪ್ಪತ್ತು ವರ್ಷ ಬೆವರು ಸುರಿಸಿದ ಮನುಷ್ಯನಿಗೆ ಹಾಗೆ ಅನ್ನಿಸಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಬೆವರು ಸುರಿಸಿ ಅವರು ಜನರಿಗೆ ಕೊಟ್ಟ ಪಾಠವೇ ಬೇರೆಯಿತ್ತು. ವ್ಯಕ್ತಿ ಮುಖ್ಯವಲ್ಲ, ಚಳವಳಿ ಮುಖ್ಯ ಎಂಬ ಪಾಠ ಅದು.

2021ರ ಆಗಸ್ಟಿನಲ್ಲಿ ಅವರು ಬಿಜೆಪಿ ಸೇರಿದರು. ಕ್ಷೇತ್ರದ ಅಭಿವೃದ್ಧಿಗಾಗಿ ಎಂದರು. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಆಳುವ ಪಕ್ಷದ ಕೃಪೆಯಿಲ್ಲದ ಶಾಸಕನಿಗೆ ರಸ್ತೆಗೂ ಕೆರೆಗೂ ಹಣ ಬಿಡುಗಡೆಯಾಗುವುದು ಎಷ್ಟು ಕಷ್ಟವೆಂದು ಯಾವ ಪಂಚಾಯ್ತಿ ಸದಸ್ಯನನ್ನು ಕೇಳಿದರೂ ಹೇಳುತ್ತಾನೆ. ಪಕ್ಷದಿಂದ ಹೊರದೂಡಲ್ಪಟ್ಟ ಒಂಟಿ ಶಾಸಕ ಎಲ್ಲಿಗೆ ಹೋಗಬೇಕಿತ್ತು? ಬಿಎಸ್‌ಪಿಯವರು ಅವರನ್ನು ದ್ರೋಹಿ ಎನ್ನುವಾಗಲೂ ನಾವು ಸ್ವಲ್ಪ ನಿಧಾನಿಸುತ್ತೇವೆ. 1995, 1997, 2002ರಲ್ಲಿ ಬಿಜೆಪಿಯ ಬೆಂಬಲದಿಂದಲೇ ಮಾಯಾವತಿಯವರು ಲಖನೌದಲ್ಲಿ ಮುಖ್ಯಮಂತ್ರಿಯಾದದ್ದು. ಆದರೆ ಅಲ್ಲಿ ಆನೆ ಆನೆಯಾಗಿಯೇ ಉಳಿದಿತ್ತು, ಕುರ್ಚಿಯ ಮೇಲೆ ಕೂತದ್ದೂ ಆನೆಯೇ. ಕೊಳ್ಳೇಗಾಲದಲ್ಲಿ ಆನೆ ಉಳಿಯಲಿಲ್ಲ.

ಕೆಲವರು, ದಲಿತರು ಬಿಜೆಪಿಗೆ ಮತ ಹಾಕುವುದಿಲ್ಲ, ಅದಕ್ಕೇ ಸೋತರು ಎನ್ನುತ್ತಾರೆ. ಇದು ನಿಜವಾಗಿದ್ದರೆ ಇದೇ ಚಾಮರಾಜನಗರದಲ್ಲಿ 2019ರಲ್ಲಿ ಶ್ರೀನಿವಾಸಪ್ರಸಾದರು ಹೇಗೆ ಗೆದ್ದರು? ಪ್ರಸಾದರು ಹಲವು ಪಕ್ಷ ಕಂಡವರು. ಅವರಿಗೆ ಬಿದ್ದ ಮತ ಅವರ ಹಿರಿತನಕ್ಕೆ, ಅವರ ಮುಖಕ್ಕೆ ಬಿದ್ದದ್ದು. ಗುರುತು ಬದಲಾದರೂ ಮುಖ ಅದೇ ಇತ್ತು. ಮಹೇಶರ ಮತದಾರರಿಗೆ ಅವರೇ ಸಿದ್ಧಾಂತ ಕಲಿಸಿದ್ದರು. ಹೆಡಗೇವಾರ್ ಯಾರು, ಗೋಳ್ವಲ್ಕರ್ ಏನು ಬರೆದರು ಎಂದು ಕೇಡರ್ ಕ್ಯಾಂಪಿನಲ್ಲಿ ಓದಿ ಬಂದವನ ಎದುರು ಕಮಲ ಹಿಡಿದು ನಿಂತು, ಅಭಿವೃದ್ಧಿ ಎಂದರೆ ಅವನು ಏನು ಮಾಡಬೇಕು? ಅವರು ಸೋತದ್ದು ಕೆಟ್ಟ ನಾಯಕರಾದ್ದರಿಂದ ಎನ್ನುವುದಕ್ಕಿಂತ ಒಳ್ಳೆಯ ಮೇಷ್ಟ್ರಾಗಿದ್ದರಿಂದ ಎಂದೇ ನಾವು ಓದುತ್ತೇವೆ. ಕಥೆ ಬರೆಯುವವರಿಗೆ ಇಂಥ ಪಾತ್ರ ಸಿಗುವುದು ಅಪರೂಪ.

ಇನ್ನು ನಮ್ಮ ವಿಷಯ. 2023ರ ಮಾರ್ಚ್ ಕೊನೆಯ ವಾರ, ಮತದಾನಕ್ಕೆ ಒಂದೂವರೆ ತಿಂಗಳು ಇರುವಾಗ, ಬೊಮ್ಮಾಯಿ ಸಂಪುಟ ಮುಸ್ಲಿಮರ 2ಬಿ ಪ್ರವರ್ಗದ ಶೇಕಡಾ 4 ಮೀಸಲಾತಿಯನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಎರಡರಂತೆ ಹಂಚಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಬಂದಾಗ ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, 2022ರ ಫೆಬ್ರವರಿಯಲ್ಲಿ, ಸಮವಸ್ತ್ರದ ಆದೇಶ ಬಂದು ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಎರಡೂ ಸಂದರ್ಭಗಳಲ್ಲಿ ಆಳುವ ಪಕ್ಷದ ಸಾಲಿನಲ್ಲಿ ಮಾಜಿ ಶಿಕ್ಷಣ ಸಚಿವರೊಬ್ಬರು ಇದ್ದರು, ಬಹುಜನವೆಂದರೆ ಯಾರೆಂದು ಬಲ್ಲವರು. ಅದೇ ಪಕ್ಷದ ಅಭ್ಯರ್ಥಿಯಾಗಿ ಅವರು ಮೊಹಲ್ಲಾಗಳಲ್ಲಿ ಮತ ಕೇಳಬೇಕಾಗಿತ್ತು. ಮೀಸಲಾತಿ ಎಂಬುದು ಹಸಿದವರ ನಡುವೆ ಕಿತ್ತಾಡುವ ರೊಟ್ಟಿಯಾಗಬಾರದು ಎಂದು ತಿಳಿದವರ ಪಕ್ಷವೇ ಒಬ್ಬರ ತಟ್ಟೆಯಿಂದ ಎತ್ತಿ ಇನ್ನೊಬ್ಬರ ತಟ್ಟೆಗೆ ಹಾಕಿದಾಗ, ಎಂಬತ್ತೈದರ ಲೆಕ್ಕದಿಂದ ನಮ್ಮ ಸಂಖ್ಯೆಯನ್ನು ಕಳೆದವರಾರು?

ಆದರೂ ಕಥೆ ಪೂರಾ ಏಕಮುಖವಲ್ಲ. 2018ರ ನಗರಸಭೆ ಚುನಾವಣೆಯಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯಿಂದ ಒಂಬತ್ತು ಮಂದಿ ಗೆದ್ದಿದ್ದರು. ಅವರಲ್ಲಿ ಏಳು ಮಂದಿ ಮಹೇಶರ ಜೊತೆ ನಿಂತು ಸದಸ್ಯತ್ವ ಕಳೆದುಕೊಂಡರು. 2022ರ ಅಕ್ಟೋಬರಿನಲ್ಲಿ ಆ ಏಳು ವಾರ್ಡುಗಳಿಗೆ ಮತ್ತೆ ಚುನಾವಣೆ ನಡೆದಾಗ ಬಿಜೆಪಿ ಆರನ್ನು ಗೆದ್ದಿತು. ವಾರ್ಡಿನ ಮತ ನಲ್ಲಿ, ಚರಂಡಿ, ಪರಿಚಯದ ಮತ. ಆ ಗೆಲುವನ್ನು ನಂಬಿ ಮಹೇಶ್ ವಿಧಾನಸಭೆಯ ಲೆಕ್ಕ ಹಾಕಿದ್ದರೆ ಅದು ತಪ್ಪಿತು. 48,844 ಮತ ಅವರಿಗೆ ಬಿದ್ದವು, ಕಡಿಮೆಯೇನಲ್ಲ. ಕೃಷ್ಣಮೂರ್ತಿಯವರಿಗೆ 1,08,363. ಆನೆ ಕಣದ ಮೂಲೆಯಲ್ಲೆಲ್ಲೋ ಇತ್ತು. ಇದೂ ದುಃಖದ ವಿಷಯವೇ. ಮೇಷ್ಟ್ರು ಹೋದ ಮೇಲೆ ಶಾಲೆಯೂ ಮುಚ್ಚಿತು. ಕಲಿತವರು ಕಾಂಗ್ರೆಸ್ಸಿನ ಬಾಗಿಲಿಗೇ ಹೋಗಬೇಕಾಯಿತು.

ಸೋತ ಮೇಲೂ ಮಹೇಶ್ ಆ ಪಕ್ಷದಲ್ಲಿಯೇ ಉಳಿದು ರಾಜ್ಯ ಉಪಾಧ್ಯಕ್ಷರಾದರು. 1952ರಲ್ಲಿ ಮುಂಬಯಿಯಲ್ಲಿ, 1954ರಲ್ಲಿ ಭಂಡಾರಾದಲ್ಲಿ ಅಂಬೇಡ್ಕರರನ್ನು ಸೋಲಿಸಿದ್ದು ಕಾಂಗ್ರೆಸ್ ಎಂಬುದು ಅವರ ಭಾಷಣಗಳ ಮುಖ್ಯ ಮಾತು. ಹೇಳುವುದು ನಿಜ. ಅದಕ್ಕೆ ಕಾಂಗ್ರೆಸ್ಸಿಗರ ಬಳಿ ಉತ್ತರವಿಲ್ಲ. ಆದರೆ ಅರ್ಧ ಪಾಠ ಹೇಳಿ ಪುಸ್ತಕ ಮುಚ್ಚುವುದು ಅವರ ಹಳೆಯ ರೀತಿಯಾಗಿರಲಿಲ್ಲ. 1946ರಲ್ಲಿ ಅಂಬೇಡ್ಕರರು ಸಂವಿಧಾನ ಸಭೆಗೆ ಬಂದದ್ದು ಬಂಗಾಳದಿಂದ, ಜೋಗೇಂದ್ರನಾಥ ಮಂಡಲ್ ಮತ್ತು ಜೊತೆಗಾರರ ಬಲದಿಂದ. ದೇಶ ವಿಭಜನೆಯಾಗಿ ಆ ಸ್ಥಾನ ಹೋದ ಮೇಲೆ 1947ರಲ್ಲಿ ಮುಂಬಯಿಯಿಂದ ಅವರನ್ನು ಮತ್ತೆ ಆರಿಸಿ ಕಳಿಸಿದ್ದು ಅದೇ ಕಾಂಗ್ರೆಸ್. ಆ ಸಂವಿಧಾನ ಅಂಗೀಕಾರವಾದಾಗ ಯಾವ ಸಂಘಟನೆಯ ಪತ್ರಿಕೆ ಅದರಲ್ಲಿ ಭಾರತೀಯವಾದದ್ದು ಏನೂ ಇಲ್ಲವೆಂದು ದೂರಿತು, ಮನುವನ್ನು ನೆನೆಯಿತು ಎಂಬುದೂ ಅದೇ ಪಾಠದ ಮುಂದಿನ ಪುಟ. ಯಳಂದೂರಿನ, ಸಂತೇಮರಹಳ್ಳಿಯ ಜಗಲಿಗಳಲ್ಲಿ ಆ ಪುಟವನ್ನು ಒಂದು ಕಾಲದಲ್ಲಿ ಅವರೇ ಓದಿಸಿದ್ದು. ಅಲ್ಲಿ ಕೂತು ಕೇಳಿದವರು ಈಗ ಕೈಯೆತ್ತಿ, ಸರ್, ಆ ಪುಟ ಎಲ್ಲಿ ಹೋಯಿತು ಎಂದರೆ ಅವರು ಉತ್ತರ ಕೊಡಬೇಕು.